ಕಾರ್ಡು ಕೊಳ್ಳೋಣವೇ, ಬೇಡವೇ? ಕೊಪ್ಪಳ ಸೀಮೆಯಿಂದ ಒಂದು ಪ್ರವಾಸದ ಲೆಕ್ಕ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. ಮಕ್ಕಳು "ಬೆಂಗಳೂರಿಗೆ ಹೋಗೋಣ, ಮೆಟ್ರೋ ಹತ್ತೋಣ" ಎನ್ನುತ್ತಾರೆ. ಅಬ್ಬಾ "ಎಷ್ಟು ಖರ್ಚಾಗುತ್ತದೆ?" ಎಂದು ಕೇಳುತ್ತಾರೆ. ದಾದಿ ಏನೂ ಹೇಳುವುದಿಲ್ಲ. ಅಮ್ಮಿ ಮಾತ್ರ ರೊಟ್ಟಿ ಬಡಿಯುತ್ತಲೇ ಮನಸ್ಸಿನಲ್ಲಿ ಕೂಡುವುದು, ಕಳೆಯುವುದು ಶುರು ಮಾಡುತ್ತಾರೆ. ಹೊಲಿಗೆಯಿಂದ ಬಂದದ್ದು, ಚೀಟಿಯಲ್ಲಿ ಉಳಿದದ್ದು, ತವರಿನವರು ಹಬ್ಬಕ್ಕೆ ಕೊಟ್ಟದ್ದು ಎಲ್ಲವೂ ಆ ಲೆಕ್ಕದೊಳಗೆ ಬರುತ್ತದೆ.

ಈಗ ಆ ಲೆಕ್ಕಕ್ಕೆ ಹೊಸದೊಂದು ಬಾಬು ಸೇರಿಕೊಂಡಿದೆ. ಅದೇ ಪ್ರವಾಸಿಗಳ ಕಾರ್ಡು. ಒಮ್ಮೆ ಹಣ ಕಟ್ಟಿದರೆ ದಿನವಿಡೀ ಎಷ್ಟು ಬೇಕಾದರೂ ಓಡಾಡಬಹುದು, ಕೆಲವು ಊರುಗಳಲ್ಲಿ ವಸ್ತುಸಂಗ್ರಹಾಲಯದ ಟಿಕೆಟಿನಲ್ಲೂ ರಿಯಾಯಿತಿ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಹೊರಡುವ ಒಂದು ಕುಟುಂಬಕ್ಕೆ ಅದರಿಂದ ನಿಜವಾಗಿಯೂ ಲಾಭವಿದೆಯೇ? ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಕೈಯಲ್ಲಿ ಈಗಾಗಲೇ ಇರುವ ಕಾರ್ಡು

ಕಾರ್ಡಿನ ಮಾತು ಬಂದಾಗ ಮೊದಲು ನೆನಪಾಗಬೇಕಾದದ್ದು ನಮ್ಮ ಚೀಲದಲ್ಲೇ ಇರುವ ಆಧಾರ್ ಕಾರ್ಡು. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂತು. ಅಂದಿನಿಂದ ಕರ್ನಾಟಕದ ನಿವಾಸಿಗಳಾದ ಹೆಣ್ಣುಮಕ್ಕಳು ಸರ್ಕಾರಿ ಸಾರಿಗೆಯ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಹಣ ಕೊಡದೆ ಪ್ರಯಾಣಿಸಬಹುದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ನಿರ್ವಾಹಕರು ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. 2025ರ ಜುಲೈ ಹೊತ್ತಿಗೆ ಹೀಗೆ ಕೊಟ್ಟ ಶೂನ್ಯ ಟಿಕೆಟುಗಳ ಸಂಖ್ಯೆ 500 ಕೋಟಿ ದಾಟಿತ್ತು.

ನಮ್ಮ ಭಾಗದ ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿದವು. ಬೆಂಗಳೂರಿನೊಳಗೆ ಓಡುವುದು ಬಿಎಂಟಿಸಿ. ನಿಗಮ ಬೇರೆಯಾದರೂ ಯೋಜನೆ ಒಂದೇ. ಕುಷ್ಟಗಿಯ ನಿಲ್ದಾಣದಲ್ಲಿ ನಡೆಯುವ ಅದೇ ಗುರುತಿನ ಚೀಟಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲೂ ನಡೆಯುತ್ತದೆ. ಇದನ್ನು ಅನೇಕ ಸಹೋದರಿಯರು ಗಮನಿಸಿರುವುದಿಲ್ಲ. ಊರ ಬಸ್ಸಿಗೆ ಮಾತ್ರ ಅನ್ವಯವೆಂದು ತಿಳಿದು ನಗರದಲ್ಲಿ ಟಿಕೆಟಿಗೆ ಹಣ ಎಣಿಸುವವರಿದ್ದಾರೆ.

ಇದಕ್ಕೆ ಮಿತಿಗಳೂ ಇವೆ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಈ ಸೌಲಭ್ಯ ಇಲ್ಲ. ಬೆಂಗಳೂರಿನ ವಜ್ರ ಮತ್ತು ವಿಮಾನ ನಿಲ್ದಾಣದ ವಾಯುವಜ್ರ ಬಸ್ಸುಗಳಿಗೂ ಇಲ್ಲ. ರೈಲು ಮತ್ತು ಮೆಟ್ರೋಗೆ ಇಲ್ಲ. ರಾಜ್ಯದ ಗಡಿ ದಾಟುವ ಬಸ್ಸಿಗೂ ಇಲ್ಲ. ಗಂಡಸರು ಪೂರ್ತಿ ಟಿಕೆಟ್ ಕೊಳ್ಳಬೇಕು, 6ರಿಂದ 12 ವರ್ಷದ ಗಂಡುಮಕ್ಕಳಿಗೆ ಅರ್ಧ ಟಿಕೆಟ್.

ಶಕ್ತಿ ಯೋಜನೆಯಿಂದ ಉಳಿದ ಹಣದ ಬಗ್ಗೆ ಎಲ್ಲರೂ ಮಾತನಾಡಿದ್ದಾರೆ. ಅದರಿಂದ ಪ್ರವಾಸದ ಲೆಕ್ಕದ ರೀತಿಯೇ ಬದಲಾಯಿತು ಎಂಬುದನ್ನು ಹೇಳಿದವರು ಕಡಿಮೆ. ಹಿಂದೆ ಐದು ಜನರ ಮನೆಯಿಂದ ಮೂವರು ಹೊರಡುತ್ತಿದ್ದರು. ಟಿಕೆಟ್ ದುಬಾರಿ ಎಂಬ ಕಾರಣಕ್ಕೆ ಯಾರಾದರೂ ಮನೆಯಲ್ಲಿ ಉಳಿಯಬೇಕಾಗುತ್ತಿತ್ತು. ಉಳಿಯುತ್ತಿದ್ದವರು ಸಾಮಾನ್ಯವಾಗಿ ದಾದಿ, ಇಲ್ಲವೇ ದಾದಿಯ ಜೊತೆಗೆ ಇರಲೆಂದು ಹಿರಿಮಗಳು. ಈಗ ದಾದಿಯ ಬಸ್ ಟಿಕೆಟಿನ ಬೆಲೆ ಸೊನ್ನೆ. ಅವರನ್ನು ಕರೆದುಕೊಂಡು ಹೋಗಲು ಆ ಮಟ್ಟಿಗೆ ಖರ್ಚಿಲ್ಲ. ಆದ್ದರಿಂದ ಯಾವುದೇ ಕಾರ್ಡನ್ನು ಅಳೆಯುವಾಗ "ಎಷ್ಟು ಉಳಿಯುತ್ತದೆ?" ಎಂದು ಕೇಳಿದರೆ ಸಾಲದು. "ಇದರಿಂದ ಯಾರು ಜೊತೆಗೆ ಬರಬಹುದು, ಯಾರು ಮನೆಯಲ್ಲಿ ಉಳಿಯಬೇಕಾಗುತ್ತದೆ?" ಎಂದೂ ಕೇಳಬೇಕು.

ಬೆಂಗಳೂರಿನ ಮೂರು ದಿನ

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಅಬ್ಬಾ, ಅಮ್ಮಿ, ದಾದಿ, 14 ವರ್ಷದ ಮಗಳು, 9 ವರ್ಷದ ಮಗ. ಯಲಬುರ್ಗಾದಿಂದ ಹೊರಟು ಬೆಂಗಳೂರಿನ ಮೆಜೆಸ್ಟಿಕ್ ಸಮೀಪ ತಂಗಿದ್ದಾರೆ. ಮೂರು ದಿನದಲ್ಲಿ ನೋಡಬೇಕಾದದ್ದು ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ತಾರಾಲಯ, ಸಿಟಿ ಮಾರ್ಕೆಟ್ ಬಳಿಯ ಕೋಟೆ ಮತ್ತು ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ. ಇವೆಲ್ಲ ಮೆಜೆಸ್ಟಿಕ್‌ನಿಂದ ಹೆಚ್ಚು ದೂರವಿಲ್ಲ.

ನಮ್ಮ ಮೆಟ್ರೋದಲ್ಲಿ ಪ್ರವಾಸಿಗರಿಗಾಗಿ ಒಂದು, ಮೂರು ಮತ್ತು ಐದು ದಿನಗಳ ಪಾಸುಗಳಿವೆ. 2026ರ ಜನವರಿಯಿಂದ ಇವು ಮೊಬೈಲಿನಲ್ಲೇ ಸಿಗತೊಡಗಿದವು. ಆಗಿನ ಬೆಲೆ ಒಂದು ದಿನಕ್ಕೆ 250 ರೂಪಾಯಿ, ಮೂರು ದಿನಕ್ಕೆ 550 ರೂಪಾಯಿ. ಅಷ್ಟರಲ್ಲಿ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಪ್ರತಿಯೊಬ್ಬರಿಗೂ ಬೇರೆ ಪಾಸು ಬೇಕು. ಐದು ಜನರಿಗೆ ಮೂರು ದಿನದ ಪಾಸು ಕೊಂಡರೆ 2750 ರೂಪಾಯಿ ಆಗುತ್ತದೆ.

ಇನ್ನು ಪಾಸಿಲ್ಲದೆ ಮೆಟ್ರೋ ಟಿಕೆಟನ್ನೇ ಕೊಳ್ಳುತ್ತಾ ಹೋದರೆ? 2025ರ ಫೆಬ್ರುವರಿಯಲ್ಲಿ ಪರಿಷ್ಕರಿಸಿದ ದರದಂತೆ ಮೊದಲ 2 ಕಿಲೋಮೀಟರಿಗೆ 10 ರೂಪಾಯಿ, 4 ಕಿಲೋಮೀಟರಿನವರೆಗೆ 20, 6 ಕಿಲೋಮೀಟರಿನವರೆಗೆ 30. 25 ಕಿಲೋಮೀಟರ್ ದಾಟಿದರೆ ಗರಿಷ್ಠ 90 ರೂಪಾಯಿ. ಮೇಲೆ ಹೇಳಿದ ಸ್ಥಳಗಳ ನಡುವೆ ಒಂದು ಸಲಕ್ಕೆ ಸರಾಸರಿ 20 ರೂಪಾಯಿ ಎಂದು ಹಿಡಿಯೋಣ. ಮಕ್ಕಳು, ಹಿರಿಯರನ್ನು ಕಟ್ಟಿಕೊಂಡು ದಿನಕ್ಕೆ ಐದು ಸಲಕ್ಕಿಂತ ಹೆಚ್ಚು ಹತ್ತಿಳಿಯುವುದು ಕಷ್ಟ. ಹಾಗಾದರೆ ಒಬ್ಬರಿಗೆ ದಿನಕ್ಕೆ 100, ಐದು ಜನರಿಗೆ ಮೂರು ದಿನಕ್ಕೆ 1500 ರೂಪಾಯಿ. ಪಾಸಿನಿಂದ ಉಳಿಯುವ ಮಾತು ಹಾಗಿರಲಿ, 1250 ರೂಪಾಯಿ ಹೆಚ್ಚು ತೆತ್ತಂತಾಯಿತು.

ಮೂರನೆಯ ದಾರಿ ಬಿಎಂಟಿಸಿಯ ಸಾಮಾನ್ಯ ಬಸ್ಸು. ಅಮ್ಮಿ, ದಾದಿ ಮತ್ತು ಮಗಳು ಮೂವರಿಗೂ ಶೂನ್ಯ ಟಿಕೆಟ್. ಅಬ್ಬಾ ಒಬ್ಬರು ದಿನದ ಪಾಸು ಕೊಂಡರೆ 2025ರ ಜನವರಿಯ ದರದಂತೆ 80 ರೂಪಾಯಿ, ಮೂರು ದಿನಕ್ಕೆ 240. ಮಗನ ಅರ್ಧ ಟಿಕೆಟು ಸೇರಿಸಿದರೂ ಒಟ್ಟು 350 ರೂಪಾಯಿಯೊಳಗೆ ಮುಗಿಯುತ್ತದೆ. ಹತ್ತಿರದ ಸ್ಥಳಗಳಿಗಷ್ಟೇ ಹೋಗುವುದಾದರೆ ಅಬ್ಬಾನಿಗೂ ಪಾಸು ಬೇಕಿಲ್ಲ. 12 ರೂಪಾಯಿಯ ಟಿಕೆಟನ್ನು ದಿನಕ್ಕೆ ಐದು ಸಲ ಕೊಂಡರೂ 60 ರೂಪಾಯಿ ಮಾತ್ರ. ಬನ್ನೇರುಘಟ್ಟದಂಥ ದೂರದ ಜಾಗಕ್ಕೆ ಹೋಗಿ ಬಂದು, ಸಂಜೆ ಮತ್ತೆ ಊರೊಳಗೆ ಓಡಾಡುವ ದಿನ ಪಾಸು ಕೊಳ್ಳಬಹುದು.

ಹೀಗೆ ಒಂದೇ ಪ್ರವಾಸಕ್ಕೆ 2750, 1500, 350 ಎಂಬ ಮೂರು ಲೆಕ್ಕಗಳು ಸಿಗುತ್ತವೆ. ಮೊದಲ ಲೆಕ್ಕ ಹಿಡಿದ ಮನೆಯಲ್ಲಿ "ದಾದಿ ಮನೆಯಲ್ಲೇ ಇರಲಿ" ಎಂಬ ಮಾತು ಬೇಗ ಬರುತ್ತದೆ. ಕೊನೆಯ ಲೆಕ್ಕದಲ್ಲಿ ಆ ಮಾತಿಗೆ ಜಾಗವೇ ಇಲ್ಲ.

ಹಾಗೆಂದು ಮೆಟ್ರೋ ಬೇಡವೆಂದು ನಾನು ಹೇಳುವುದಿಲ್ಲ. ಬಸ್ಸು ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಹೋಗುತ್ತದೆ. ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಮೊಣಕಾಲು ನೋವಿನ ಹಿರಿಯರಿಗೆ ಮೆಟ್ರೋ ಎಷ್ಟೋ ಅನುಕೂಲ. ಮಕ್ಕಳಿಗಂತೂ ಅದೇ ಪ್ರವಾಸದ ಸಂಭ್ರಮ. ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕಿಗೆ ಒಮ್ಮೆ ಐವರೂ ಮೆಟ್ರೋ ಹತ್ತಿದರೆ ನೂರು ರೂಪಾಯಿಯ ಆಸುಪಾಸಿನಲ್ಲಿ ಆಸೆ ತೀರುತ್ತದೆ. ಆ ಆಸೆಗಾಗಿ ಮೂರು ದಿನದ ಪಾಸು ಬೇಕಿಲ್ಲ.

ಮೆಟ್ರೋದ ಸ್ಮಾರ್ಟ್ ಕಾರ್ಡನ್ನೂ ಇದೇ ರೀತಿ ತೂಗಿ ನೋಡಬಹುದು. ಕಾರ್ಡಿನ ಬೆಲೆ 50 ರೂಪಾಯಿ. ಪ್ರತಿ ಪ್ರಯಾಣಕ್ಕೆ ಶೇಕಡ 5 ರಿಯಾಯಿತಿ. ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೂ ಶೇಕಡ 5 ಸೇರುತ್ತದೆ. ಶೇಕಡ 5ರಂತೆ ಆ 50 ರೂಪಾಯಿ ಹುಟ್ಟಬೇಕಾದರೆ ಒಬ್ಬರು 1000 ರೂಪಾಯಿಯಷ್ಟು ಓಡಾಡಬೇಕು. ಶೇಕಡ 10ರಂತೆ ಹಿಡಿದರೂ 500 ರೂಪಾಯಿ. ಅಲ್ಲೇ ಓದುವ, ದುಡಿಯುವ ಮಕ್ಕಳಿಗೆ ಅದು ಲಾಭ. ಮೂರು ದಿನದ ಅತಿಥಿಗಲ್ಲ.

ಪಾಸು ಯಾವಾಗ ಲಾಭ?

ಪಾಸು ಒಳ್ಳೆಯದಾಗುವ ಸಂದರ್ಭಗಳೂ ಇವೆ. ನೆಂಟರ ಮನೆ ವೈಟ್‌ಫೀಲ್ಡಿನ ತುದಿಯಲ್ಲೋ ಮಾದಾವರದ ಕಡೆಗೋ ಇದೆ ಎಂದುಕೊಳ್ಳಿ. ಅಲ್ಲಿಂದ ಊರಿನ ಇನ್ನೊಂದು ಕೊನೆಗೆ ಹೋಗಲು 90, ಮರಳಲು 90 ರೂಪಾಯಿ ಬೇಕು. ನಡುವೆ ನಾಲ್ಕು ಸಣ್ಣ ಪ್ರಯಾಣ ಮಾಡಿದರೆ ಇನ್ನೂ 80. ಒಟ್ಟು 260 ರೂಪಾಯಿ. ಆ ದಿನ 250ರ ಪಾಸು ಕೊಂಡವರು ಗೆದ್ದರು. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಕಾಲೇಜಿನ ಕಚೇರಿ, ಸಂಜೆ ನೆಂಟರ ಮನೆ ಎಂದು ಒಬ್ಬರೇ ಓಡಾಡುವವರಿಗೂ ಪಾಸು ಉಪಯೋಗಕ್ಕೆ ಬರಬಹುದು.

ಕೊಳ್ಳುವ ಮುನ್ನ ಇನ್ನೊಂದು ವಿಷಯ ಕೇಳಿಕೊಳ್ಳಬೇಕು. "ಒಂದು ದಿನ" ಎಂದರೆ ಏನು? ಬಿಎಂಟಿಸಿಯ ದಿನದ ಪಾಸು ಆ ತಾರೀಕಿಗೆ ಮಾತ್ರ. ಸಂಜೆ ನಾಲ್ಕಕ್ಕೆ ಊರು ಸೇರಿದವರು ಅದನ್ನು ಕೊಂಡರೆ ಮುಕ್ಕಾಲು ಪಾಲು ನೀರಿಗೆ ಹೋಯಿತು. ಹೈದರಾಬಾದಿನ ಸಿಟಿ ಬಸ್ಸುಗಳಲ್ಲಿ ಟಿ-24 ಎಂಬ ಟಿಕೆಟ್ ಇದೆ. ಅದು ಕೊಂಡ ಗಳಿಗೆಯಿಂದ 24 ಗಂಟೆ ನಡೆಯುತ್ತದೆ. ಸಂಜೆ ಕೊಂಡರೂ ಮರುದಿನ ಸಂಜೆಯವರೆಗೆ ಉಪಯೋಗಿಸಬಹುದು.

ಹೈದರಾಬಾದಿನ ಹೆಸರು ಸುಮ್ಮನೆ ಬರಲಿಲ್ಲ. ನಮ್ಮ ಕಡೆಯ ಬಹಳ ಮನೆಗಳಿಗೆ ಆ ಊರಿನ ನಂಟಿದೆ. ಕೊಪ್ಪಳ ಮತ್ತು ಯಲಬುರ್ಗಾ ಒಂದು ಕಾಲದಲ್ಲಿ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಅದೇ ಮನೆತನದ ಸಂಗ್ರಹವೇ 1951ರಲ್ಲಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದನ್ನು ನೋಡಲು ಹೋಗುವ ಸಹೋದರಿಯರು ಎರಡು ವಿಷಯ ನೆನಪಿಡಬೇಕು. ಅದಕ್ಕೆ ಶುಕ್ರವಾರ ರಜೆ. ಇನ್ನು, ತೆಲಂಗಾಣದಲ್ಲೂ 2023ರ ಡಿಸೆಂಬರಿನಿಂದ ಹೆಂಗಸರಿಗೆ ಉಚಿತ ಬಸ್ಸಿದ್ದರೂ ಅದು ಆ ರಾಜ್ಯದವರಿಗೆ ಮಾತ್ರ. ಅಲ್ಲಿ ನಾವೂ ಟಿಕೆಟ್ ಕೊಳ್ಳುವವರೇ. ಆದ್ದರಿಂದ ಬೆಂಗಳೂರಿನಲ್ಲಿ ಬೇಡವಾದ ದಿನದ ಟಿಕೆಟ್ ಹೈದರಾಬಾದಿನಲ್ಲಿ ಬೇಕಾಗಬಹುದು. ಊರು ಬದಲಾದರೆ ಲೆಕ್ಕವನ್ನೂ ಹೊಸದಾಗಿ ಹಾಕಬೇಕು.

ಹೊರದೇಶದಲ್ಲಿರುವ ಮಕ್ಕಳು ಹೇಳುವ ಕಾರ್ಡುಗಳ ರೀತಿ ಬೇರೆ. ದುಬೈಯಲ್ಲಿ 2009ರಲ್ಲಿ ಬಂದ ನೋಲ್ ಕಾರ್ಡು ಮೆಟ್ರೋಗೂ ಬಸ್ಸಿಗೂ ನಡೆಯುತ್ತದೆ. ಲಂಡನ್ನಿನಲ್ಲಿ 2003ರಿಂದ ಇರುವ ಆಯ್‌ಸ್ಟರ್ ಕಾರ್ಡಿನಲ್ಲಿ ಇನ್ನೂ ಒಂದು ಅನುಕೂಲವಿದೆ. ದಿನದ ಟಿಕೆಟುಗಳ ಮೊತ್ತ ಒಂದು ಮಿತಿ ಮುಟ್ಟಿದರೆ ಅಂದು ಅದಕ್ಕಿಂತ ಹೆಚ್ಚು ಹಣ ಕಡಿತವಾಗುವುದಿಲ್ಲ. ಪಾಸು ಲಾಭವೋ ನಷ್ಟವೋ ಎಂದು ಪ್ರಯಾಣಿಕ ಮೊದಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕಾರ್ಡೇ ಲೆಕ್ಕ ಮಾಡುತ್ತದೆ. ಮೊದಲೇ ಕೊಳ್ಳುವ ಪಾಸಿನ ವಿಷಯದಲ್ಲಿ ಆ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು.

ನದಿಯಾಚೆಯ ಹಂಪಿ

ಬೆಂಗಳೂರು ದೂರವಾಯಿತೆನ್ನುವವರಿಗೆ ಹತ್ತಿರದಲ್ಲೇ ಹಂಪಿ ಇದೆ. ಅಲ್ಲಿಯೂ ಒಂದು ರೀತಿಯ ಪ್ರವಾಸಿ ಪಾಸು ಇದೆ ಎಂದರೆ ತಪ್ಪಲ್ಲ. ಪುರಾತತ್ವ ಇಲಾಖೆಯ 40 ರೂಪಾಯಿಯ ಒಂದೇ ಟಿಕೆಟಿನಲ್ಲಿ ಕಲ್ಲಿನ ರಥವಿರುವ ವಿಠಲ ದೇವಾಲಯ, ಕಮಲ ಮಹಲಿರುವ ಜನಾನಾ ಆವರಣ ಮತ್ತು ಕಮಲಾಪುರದ ವಸ್ತುಸಂಗ್ರಹಾಲಯ ಮೂರನ್ನೂ ನೋಡಬಹುದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಐವರ ಕುಟುಂಬಕ್ಕೆ 120 ರೂಪಾಯಿ ಸಾಕು.

ಈ ಟಿಕೆಟ್ ಆ ದಿನಕ್ಕೆ ಮಾತ್ರ. ಸಂಜೆ ವಿಠಲ ದೇವಾಲಯ ನೋಡಿ, ಜನಾನಾ ಆವರಣವನ್ನು ನಾಳೆಗೆ ಇಟ್ಟುಕೊಂಡರೆ ಮತ್ತೆ ಟಿಕೆಟ್ ಕೊಳ್ಳಬೇಕು. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಆದ್ದರಿಂದ ಶುಕ್ರವಾರ ಬಿಟ್ಟು ಬೇರೆ ದಿನ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಉಳಿದಂತೆ ಹಂಪಿಯ ಬಹುಪಾಲು ಅವಶೇಷಗಳಿಗೆ ಟಿಕೆಟ್ಟಿಲ್ಲ. ಎರಡನೇ ದೇವರಾಯನ ಕಾಲದಲ್ಲಿ, 1439ರಲ್ಲಿ, ಅವನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿಯೂ ಅಲ್ಲಿದೆ. ಗುಮ್ಮಟವಿಲ್ಲದ, ಆ ಊರಿನ ಕಂಬಗಳ ಶೈಲಿಯಲ್ಲೇ ಕಟ್ಟಿದ ಆ ಮಂಟಪವನ್ನು ಎಷ್ಟೋ ಪ್ರವಾಸಿಗರು ಗಮನಿಸದೆ ಮುಂದೆ ಹೋಗುತ್ತಾರೆ.

ಹಂಪಿಯಲ್ಲಿ ಕೈ ಕಚ್ಚುವುದು ಟಿಕೆಟಲ್ಲ, ಆಟೋ. ಹೊಸಪೇಟೆಯವರೆಗೂ, ಅಲ್ಲಿಂದ ಹಂಪಿಗೂ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಖರ್ಚಿಲ್ಲ. ಆಮೇಲೆ ಸ್ಮಾರಕದಿಂದ ಸ್ಮಾರಕಕ್ಕೆ ಕಿಲೋಮೀಟರುಗಟ್ಟಲೆ ದೂರ. ಇಲ್ಲಿ ಒಂದು ಸೂಕ್ಷ್ಮವಿದೆ. ಕಾರ್ಡು, ಪಾಸು, ಟಿಕೆಟು ಎಲ್ಲವೂ ತಲೆಗೆ ಇಷ್ಟು ಎಂದು. ಆಟೋ ಮಾತ್ರ ಗಾಡಿಗೆ ಇಷ್ಟು ಎಂದು. ಇಬ್ಬರೇ ಹೋದರೆ ಅದು ದುಬಾರಿ. ಎರಡು ಮನೆಯವರು ಸೇರಿ ಹೋಗಿ, ಹತ್ತುವ ಮುನ್ನವೇ ಎಲ್ಲೆಲ್ಲಿ ನಿಲ್ಲಿಸಬೇಕು, ಒಟ್ಟು ಎಷ್ಟು ಎಂದು ಮಾತಾಡಿಕೊಂಡರೆ ಅದೇ ಹಗುರ. ತಲೆಗೆ ಬೆಲೆ ಕಟ್ಟುವ ಕಡೆ ಜನ ಹೆಚ್ಚಾದರೆ ಭಾರ. ಗಾಡಿಗೆ ಬೆಲೆ ಕಟ್ಟುವ ಕಡೆ ಜನ ಹೆಚ್ಚಾದರೆ ಲಾಭ. ದೊಡ್ಡ ಕುಟುಂಬದವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕಾರ್ಡೇ ಇಲ್ಲದ ನಮ್ಮ ಜಿಲ್ಲೆ

ನಮ್ಮ ಸೀಮೆಯಲ್ಲಿ "ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಎಂಬ ಗಾದೆಯಿದೆ. ಹಂಪಿ ಸುತ್ತಲು ಕಾಲಿಗೆ ಬಲ ಬೇಕು. ಕನಕಗಿರಿಯಲ್ಲಿ ಒಂದೇ ಕಡೆ ನಿಂತು ಕಂಬಗಳ ಕೆತ್ತನೆಯನ್ನು ಕಣ್ತುಂಬ ನೋಡಿದರೆ ಸಾಕು. ಪ್ರವಾಸದಲ್ಲಿ ಹಣವಷ್ಟೇ ಅಲ್ಲ, ಕಾಲಿನ ಶಕ್ತಿಯೂ ಖರ್ಚಾಗುತ್ತದೆ ಎಂದು ಹಿರಿಯರು ಆಗಲೇ ಹೇಳಿಟ್ಟಿದ್ದಾರೆ. ಕೊಂಡ ಪಾಸು ದಂಡವಾದೀತೆಂದು ಮಕ್ಕಳನ್ನೂ ವೃದ್ಧರನ್ನೂ ಎಳೆದುಕೊಂಡು ಓಡುವವರು ಈ ಗಾದೆಯನ್ನು ನೆನೆಯಬೇಕು.

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ಇಲ್ಲಿ ಪ್ರವಾಸಿಗರಿಗೆಂದು ಯಾವ ರಿಯಾಯಿತಿ ಕಾರ್ಡೂ ಇಲ್ಲ, ಬೇಕಾಗಿಯೂ ಇಲ್ಲ. ನೋಡಬೇಕಾದ ಹೆಚ್ಚಿನ ಜಾಗಗಳಲ್ಲಿ ಟಿಕೆಟ್ ಕಿಟಕಿಯೇ ಇಲ್ಲ. ಕೊಪ್ಪಳ ಪಟ್ಟಣದಲ್ಲೇ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಅಶೋಕನ ಶಾಸನಗಳಿವೆ. ಊರ ಮೇಲಿನ ಕೋಟೆಯನ್ನು 1786ರಲ್ಲಿ ಟಿಪ್ಪು ಸುಲ್ತಾನರು ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದರು. 1790ರಲ್ಲಿ ಬ್ರಿಟಿಷರು ಮತ್ತು ನಿಜಾಮರ ಸೇನೆ ಸೇರಿ ಅದಕ್ಕೆ ಮುತ್ತಿಗೆ ಹಾಕಬೇಕಾಯಿತು. ಬೆಂಗಳೂರಿನ ಬೇಸಿಗೆ ಅರಮನೆ ನೋಡಲು ಹೋಗುವ ಮಕ್ಕಳಿಗೆ ಅದೇ ಸುಲ್ತಾನರ ಕೋಟೆ ಮನೆಯ ಬಾಗಿಲಲ್ಲೇ ಇದೆ ಎಂದು ಯಾರು ಹೇಳಬೇಕು?

ಯಲಬುರ್ಗಾದಿಂದ ಕುಕನೂರಿನ ಕಡೆಗೆ ಹೋದರೆ ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯಗಳ ಗುಂಪು ಸಿಗುತ್ತದೆ. ಅಲ್ಲಿಂದ ಸಮೀಪದ ಇಟಗಿಯಲ್ಲಿ 1112ರಲ್ಲಿ ಚಾಲುಕ್ಯರ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯವಿದೆ. ಅಲ್ಲಿನ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಕಲ್ಲಿನಲ್ಲಿ ಅಷ್ಟು ನಯವಾದ ಕೆಲಸ ಮಾಡಿದ ಕೈಗಳನ್ನು ನೆನೆದರೆ ಅಚ್ಚರಿಯಾಗುತ್ತದೆ. ಗಂಗಾವತಿಯ ಪಶ್ಚಿಮಕ್ಕೆ ಹಿರೇಬೆಣಕಲ್ ಬೆಟ್ಟದ ಮೇಲೆ ಅದಕ್ಕಿಂತ ಎಷ್ಟೋ ಹಳೆಯ ಬೃಹತ್ ಶಿಲಾಯುಗದ ಸಮಾಧಿಗಳಿವೆ. ದೊಡ್ಡ ದೊಡ್ಡ ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ ಮನೆಯಂತೆ ಕಟ್ಟಿದ ಆ ತಾಣವನ್ನು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಗಿದೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಇಂದಿಗೂ ಮರದ ಬೊಂಬೆ, ತೊಟ್ಟಿಲು ಮಾಡಿ ಬಣ್ಣ ಹಚ್ಚುವ ಕುಶಲಕರ್ಮಿಗಳಿದ್ದಾರೆ.

ಈ ಊರುಗಳ ನಡುವೆ ಬಸ್ಸೇ ಮುಖ್ಯ. ರೈಲೂ ನಿಧಾನವಾಗಿ ಬರುತ್ತಿದೆ. ಗಂಗಾವತಿಗೆ 2019ರಲ್ಲಿ ರೈಲು ಬಂತು. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಕುಕನೂರು, ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಗೂ ರೈಲು ಓಡಿತು. ಎಷ್ಟೋ ವರ್ಷ ಕಾದಿದ್ದ ಕುಷ್ಟಗಿಯ ಜನ ಅಂದು ನಿಲ್ದಾಣಕ್ಕೆ ಹಬ್ಬಕ್ಕೆ ಹೋದಂತೆ ಹೋದರು. ರೈಲಿನಲ್ಲಿ ಶಕ್ತಿ ಯೋಜನೆ ನಡೆಯದಿದ್ದರೂ ಪ್ಯಾಸೆಂಜರ್ ರೈಲಿನ ಟಿಕೆಟ್ ಕೈಗೆಟುಕುವಂಥದ್ದು. ಪೂರ್ತಿ ಟಿಕೆಟ್ ಕೊಳ್ಳಬೇಕಾದ ಗಂಡಸರಿಗೆ ಬಸ್ಸಿಗಿಂತ ಅದೇ ಅಗ್ಗವಾಗಬಹುದು. ಎರಡನ್ನೂ ವಿಚಾರಿಸಿ ನೋಡಬೇಕು.

ಶೂನ್ಯ ಟಿಕೆಟಿಗೂ ತೆರುವುದು ಇದೆ

ಬಸ್ಸು ಉಚಿತ ಎಂದಮಾತ್ರಕ್ಕೆ ಎಲ್ಲ ಸುಲಭ ಎಂದಲ್ಲ. ಹಳ್ಳಿಗಳ ಕಡೆ ಬಸ್ಸುಗಳು ಕಡಿಮೆ. ಹಬ್ಬ, ಜಾತ್ರೆ, ವಾರದ ಸಂತೆಯ ದಿನ ನಿಲ್ಲಲೂ ಜಾಗವಿರುವುದಿಲ್ಲ. ಹೆಂಗಸರೇ ತುಂಬಿದ್ದಾರೆಂದು ಗೊಣಗುವವರೂ ಸಿಗುತ್ತಾರೆ. ಕೊನೆಯ ಬಸ್ಸು ತಪ್ಪಿದರೆ ದುಬಾರಿ ಗಾಡಿ ಹಿಡಿಯಬೇಕಾಗುತ್ತದೆ, ಉಳಿಸಿದ್ದೆಲ್ಲ ಒಂದೇ ಗಳಿಗೆಯಲ್ಲಿ ಹೋಗುತ್ತದೆ. ಹಿರೇಬೆಣಕಲ್‌ನಂಥ ಜಾಗದಲ್ಲಿ ಬಸ್ಸು ಇಳಿದ ಮೇಲೆ ಬೆಟ್ಟವನ್ನು ನಡೆದೇ ಹತ್ತಬೇಕು. ಅಲ್ಲಿಗೆ ದಾದಿಯನ್ನು ಕರೆದೊಯ್ಯುವುದು ಸರಿಯಲ್ಲ. ಅವರಿಗೆ ಇಟಗಿ, ಕನಕಗಿರಿ ಹಿತ.

ಆದ್ದರಿಂದ ಹಣದ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆದುಕೊಳ್ಳಬೇಕು. ಎಷ್ಟು ಹೊತ್ತು ಕಾಯಬೇಕು, ಎಲ್ಲಿ ಶೌಚಾಲಯವಿದೆ, ಲುಹರ್ ನಮಾಝಿಗೆ ಹೆಂಗಸರು ಎಲ್ಲಿ ನಿಲ್ಲಬಹುದು, ಮಕ್ಕಳು ಎಲ್ಲಿ ಉಣ್ಣುತ್ತಾರೆ, ಕೊನೆಯ ಬಸ್ಸು ಎಷ್ಟಕ್ಕೆ? ಈ ಪಟ್ಟಿಯನ್ನು ಹೆಂಗಸರು ಬರೆದರೆ ಮಾತ್ರ ಪೂರ್ತಿಯಾಗುತ್ತದೆ. ಮನೆಯ ಗಂಡಸರು ನೋಡುವ ಜಾಗಗಳನ್ನು ಎಣಿಸುತ್ತಾರೆ, ನಡುವಿನ ಹೊತ್ತನ್ನು ಎಣಿಸುವುದು ಅಪರೂಪ. ಊಟ, ನಮಾಝ್, ವಿಶ್ರಾಂತಿಗೆ ಸಮಯ ತೆಗೆದಿಟ್ಟರೆ ಒಂದು ದಿನದಲ್ಲಿ ಮೂರು ಜಾಗ ನೋಡುವುದೇ ಹೆಚ್ಚು. ಎಷ್ಟು ಬೇಕಾದರೂ ಓಡಾಡಬಹುದೆನ್ನುವ ಪಾಸು ಇಂಥ ದಿನಕ್ಕಾಗಿ ಮಾಡಿದ್ದಲ್ಲ.

ಹೊರಡುವ ಮುನ್ನ

ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಾಲು ಬರೆಯಿರಿ. ಒಂದು, ಯಾರ್ಯಾರು ಹೊರಡುತ್ತಾರೆ, ಅವರಲ್ಲಿ ಶೂನ್ಯ ಟಿಕೆಟ್ ಎಷ್ಟು ಜನರಿಗೆ? ಎರಡು, ದಿನಕ್ಕೆ ನಿಜವಾಗಿ ಎಷ್ಟು ಸಲ ಹತ್ತಿ ಇಳಿಯುತ್ತೀರಿ? ಮೂರು, ಒಂದು ಸಲಕ್ಕೆ ಟಿಕೆಟ್ ಎಷ್ಟು? ನಾಲ್ಕು, ಪಾಸಿನ "ದಿನ" ಯಾವಾಗ ಶುರು, ಯಾವಾಗ ಮುಗಿಯುತ್ತದೆ? ಎರಡು ಮತ್ತು ಮೂರನೆಯ ಸಾಲುಗಳನ್ನು ಗುಣಿಸಿ. ಬಂದ ಮೊತ್ತ ಪಾಸಿನ ಬೆಲೆಗಿಂತ ಕಡಿಮೆಯಿದ್ದರೆ ಪಾಸು ಬೇಡ. ದರಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹೊರಡುವ ವಾರದ ದರ ವಿಚಾರಿಸಿ ಲೆಕ್ಕ ಹಾಕಿ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇದೆಯೇ ಎಂದು ನೋಡಿಕೊಳ್ಳಿ. ಮದುವೆಯಾಗಿ ಬೇರೆ ರಾಜ್ಯದಿಂದ ಬಂದ ಸೊಸೆಯರ ಆಧಾರಿನಲ್ಲಿ ತವರಿನ ವಿಳಾಸವೇ ಉಳಿದಿರುತ್ತದೆ, ಮೊದಲು ಅದನ್ನು ತಿದ್ದಿಸಿ. ಬಸ್ಸಿನಲ್ಲಿ ಶೂನ್ಯ ಟಿಕೆಟನ್ನು ಕೇಳಿ ಪಡೆದು ಇಳಿಯುವವರೆಗೂ ಇಟ್ಟುಕೊಳ್ಳಿ.

ಮೊದಲ ಸಲ ಹೊರಡುವವರಿಗೆ ನನ್ನ ಸಲಹೆ ಇಷ್ಟೇ. ಬೆಂಗಳೂರಿಗೆ ಮುಂಚೆ ಒಂದು ದಿನ ನಿಮ್ಮದೇ ಜಿಲ್ಲೆಯಲ್ಲಿ ತಿರುಗಾಡಿ ಬನ್ನಿ. ಕುಷ್ಟಗಿಯವರು ಕನಕಗಿರಿಗೆ, ಗಂಗಾವತಿಯವರು ಇಟಗಿಗೆ, ಯಲಬುರ್ಗಾದವರು ಕೊಪ್ಪಳದ ಕೋಟೆಗೆ. ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸು ಹಿಡಿದರೆ ಮಗ್ರಿಬ್ ಹೊತ್ತಿಗೆ ಮನೆ ಸೇರಬಹುದು. ಎಷ್ಟು ದೂರ ಕೂರಲು ದಾದಿಗೆ ಆಗುತ್ತದೆ, ಮಕ್ಕಳು ಎಷ್ಟು ಹೊತ್ತಿಗೆ ಸುಸ್ತಾಗುತ್ತಾರೆ, ಆಟೋಗೆ ಎಷ್ಟು ಹೋಯಿತು ಎಂಬುದು ಆ ಒಂದು ದಿನದಲ್ಲೇ ತಿಳಿದುಬಿಡುತ್ತದೆ. ಆಮೇಲೆ ಬೆಂಗಳೂರಿನ ಕೌಂಟರಿನಲ್ಲಿ ಯಾರಾದರೂ ಪಾಸಿನ ಲಾಭ ವಿವರಿಸತೊಡಗಿದರೆ ನಿಮ್ಮ ಹಾಳೆ ನೋಡಿ ನೀವೇ ಉತ್ತರ ಹೇಳಬಲ್ಲಿರಿ.